ಹಾಲಿನ ನಾಳದೊಳಗೆ ನೋಡಿ ಕ್ಯಾನ್ಸರ್ ಮೊದಲೇ ಹಿಡಿಯಬಹುದಾ?

ಬೆಣ್ಣೆನಗರಿ | ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಮುಜುಗರದ ವಿಷಯ. ಮನೆಯಲ್ಲಿ ಕೇಳೋಕೆ ಯಾರೂ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನಗೆ 38. ಅಮ್ಮನಿಗೆ 47ನೇ ವಯಸ್ಸಿಗೆ ಎದೆಯಲ್ಲಿ ಗಂಟು ಬಂತು. ಗೊತ್ತಾಗುವ ಹೊತ್ತಿಗೆ ಕಂಕುಳಿಗೂ ಹರಡಿತ್ತು. ಆಪರೇಷನ್, ಕೀಮೋ, ಕರೆಂಟ್ ಕೊಡೋದು ಎಲ್ಲ ಆಯಿತು. ಮೂರು ವರ್ಷಕ್ಕೆ ಹೋಗಿಬಿಟ್ಟರು. ಅವತ್ತಿನಿಂದ ಸ್ನಾನಕ್ಕೆ ಹೋದಾಗಲೆಲ್ಲ ನನ್ನ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ.

ಮೊನ್ನೆ ನಮ್ಮ ಬೀದಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಬಂತು. ಯಾವುದೋ ವೆಲ್‌ನೆಸ್ ಸೆಂಟರಿನದು. ಮೊಲೆತೊಟ್ಟಿಗೆ ಒಂದು ಪಂಪು ಹಾಕಿ ಎರಡು ಹನಿ ದ್ರವ ತೆಗೆಯುತ್ತಾರಂತೆ. ಅದರಲ್ಲೇ ಕ್ಯಾನ್ಸರ್ ಗಂಟಾಗುವ ಎಷ್ಟೋ ವರ್ಷ ಮೊದಲೇ ಗೊತ್ತಾಗುತ್ತಂತೆ. ನೋವಿಲ್ಲ, ರೇಡಿಯೇಷನ್ ಇಲ್ಲ, ಮ್ಯಾಮೊಗ್ರಾಂ ಅನ್ನೋ ಮೊಲೆಯ ಎಕ್ಸ್‌ರೇ ಬೇಡವೇ ಬೇಡ ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ. 9 ಸಾವಿರ ರೂಪಾಯಿ. ಇಬ್ಬರು ಬಂದರೆ 15 ಸಾವಿರ. ನನ್ನ ತಂಗಿ ಆಗಲೇ ಹೊರಟು ನಿಂತಿದ್ದಾಳೆ.

ಇದು ನಿಜಾನಾ? ಗರ್ಭಕೊರಳಿಗೆ ಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಇದೆಯಲ್ಲ, ಹಾಗೆ ಎದೆಗೂ ಇದ್ದರೆ ಒಳ್ಳೆಯದೇ ಅಲ್ವಾ?

ಸುಮ್ನೆ_ಕೇಳ್ದೆ | ಸೋಮವಾರ, ರಾತ್ರಿ 11:05

ನೋವಿಲ್ಲ ಅಂದರೆ ಮಾಡಿಸಿ ನೋಡಿ ಮೇಡಂ, ಹೋಗೋದೇನು. ಮ್ಯಾಮೊಗ್ರಾಂ ಮಷಿನ್ ಮಾರುವವರಿಗೆ ಇಂಥದ್ದು ಬೇಕಿಲ್ಲ, ಅದಕ್ಕೇ ಮುಚ್ಚಿಡುತ್ತಾರೆ.

ಮಂಡ್ಯ_ಸಿಸ್ಟರ್ | ಮಂಗಳವಾರ, ಬೆಳಿಗ್ಗೆ 6:15

ಹೋಗೋದು 9 ಸಾವಿರ ಮಾತ್ರ ಅಲ್ಲ. "ನಾರ್ಮಲ್" ಅಂತ ಒಂದು ಕಾಗದ ಕೈಗೆ ಕೊಡುತ್ತಾರೆ. ಆಮೇಲೆ ಗಂಟು ಸಿಕ್ಕರೂ ಹೆಂಗಸು ಆಸ್ಪತ್ರೆಗೆ ಬರಲ್ಲ. "ಟೆಸ್ಟ್ ಮಾಡಿಸಿದ್ದೀನಿ, ಏನೂ ಇಲ್ಲ" ಅಂತಾಳೆ. ಆ ಕಾಗದವೇ ಅಪಾಯ. ಡ್ಯೂಟಿಗೆ ಹೊರಟೆ, ಸಂಜೆ ಬರೆಯುತ್ತೇನೆ.

ಸ್ಲೈಡ್_ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 9:30

ನಾನು ಸೈಟಾಲಜಿಯವನು. ಮೆಡಿಕಲ್ ಕಾಲೇಜಿನಲ್ಲಿ ಕೋಶಗಳ ಸ್ಲೈಡ್ ನೋಡುತ್ತಾ, ಪಾಠ ಮಾಡುತ್ತಾ ಕೂದಲು ಬೆಳ್ಳಗಾಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತಂಗೀ, ನೀವು ಕೇಳಿದ ಪ್ರಶ್ನೆಯನ್ನೇ ಪ್ಯಾಪ್ ಪರೀಕ್ಷೆ ಕಂಡುಹಿಡಿದ ಪಾಪನಿಕೊಲಾವ್ ಕೂಡ ಕೇಳಿದ್ದರು. ಗರ್ಭಕೊರಳಿನ ಕೆಲಸ ಮುಗಿದ ಮೇಲೆ ಅವರು ಮೊಲೆಯ ಕಡೆ ತಿರುಗಿದರು. ತೊಟ್ಟಿನಿಂದ ಬರುವ ದ್ರವದ ಕೋಶಗಳನ್ನು ನೋಡಿ 1958ರಲ್ಲಿ ದೊಡ್ಡ ಲೇಖನ ಬರೆದರು. ಯೋಚನೆ ಸರಿಯಾಗಿಯೇ ಇತ್ತು. ಸ್ತನದ ಕ್ಯಾನ್ಸರಿನಲ್ಲಿ ಹೆಚ್ಚಿನವು ಶುರುವಾಗುವುದು ಹಾಲಿನ ನಾಳಗಳ ಒಳಪದರದಲ್ಲಿ. ಆ ನಾಳಗಳ ಬಾಯಿ ತೊಟ್ಟಿನಲ್ಲಿ ಹೊರಗೇ ಇದೆ. ಬಾಗಿಲು ತೆರೆದೇ ಇರುವಾಗ ಒಳಗೆ ಇಣುಕಬಾರದಾ?

1970ರ ದಶಕದಲ್ಲಿ ಅಮೆರಿಕದ ಸಾಂಟಾ ಬಾರ್ಬರಾದ ಒಟ್ಟೊ ಸಾರ್ಟೋರಿಯಸ್ ಎಂಬ ವೈದ್ಯರು ಇದಕ್ಕೇ ಒಂದು ಸಣ್ಣ ಪಂಪು ಮಾಡಿದರು. ನಿಮ್ಮ ಪೋಸ್ಟರಿನ ಪಂಪಿಗೆ ಅದೇ ಅಜ್ಜ. ತೊಂದರೆ ಏನೆಂದರೆ, ಎಳೆದರೆ ಎಲ್ಲರಿಗೂ ದ್ರವ ಬರುವುದಿಲ್ಲ. ಬಂದರೂ ಅದರಲ್ಲಿ ಕೋಶಗಳು ಬೆರಳೆಣಿಕೆ. ನಾನು ಅಂಥ ಸ್ಲೈಡುಗಳನ್ನು ನೋಡಿದ್ದೇನೆ. ಒಂದಿಷ್ಟು ನೊರೆಯಂಥ ಕೋಶ, ಒಂದಿಷ್ಟು ಧೂಳು. ಅದನ್ನಿಟ್ಟುಕೊಂಡು ಏನು ಹೇಳೋದು?

ಅದಕ್ಕೇ ಮುಂದಿನವರು ಒಂದು ಹೆಜ್ಜೆ ಒಳಗೆ ಹೋದರು. ತೊಟ್ಟಿಗೆ ಮರಗಟ್ಟುವ ಮುಲಾಮು ಹಚ್ಚುವುದು. ಮೊದಲು ಪಂಪು ಹಾಕಿ ಯಾವ ರಂಧ್ರದಲ್ಲಿ ಹನಿ ಕಾಣುತ್ತದೆ ಅಂತ ಗುರುತು ಮಾಡಿಕೊಳ್ಳುವುದು. ಆ ರಂಧ್ರದೊಳಗೆ ಕೂದಲಿನಂಥ ನಳಿಗೆ ತೂರಿಸಿ, ಸಲೈನ್ ಬಿಟ್ಟು, ತೊಳೆದ ನೀರನ್ನು ವಾಪಸ್ ಎಳೆಯುವುದು. ಇದಕ್ಕೆ ಡಕ್ಟಲ್ ಲವಾಜ್ ಅಂತಾರೆ. ನಾಳ ತೊಳೆಯುವುದು ಅಂದುಕೊಳ್ಳಿ. 2001ರಲ್ಲಿ ಅಪಾಯ ಹೆಚ್ಚಿರುವ 507 ಹೆಂಗಸರ ಮೇಲೆ ಇದರ ಅಧ್ಯಯನ ಬಂತು. ಪಂಪಿನಲ್ಲಿ ಸಾಮಾನ್ಯವಾಗಿ ಒಂದು ಮೊಲೆಗೆ 120 ಕೋಶ ಸಿಕ್ಕರೆ, ತೊಳೆದಾಗ ಒಂದೇ ನಾಳಕ್ಕೆ 13,500 ಕೋಶ. ನಮ್ಮಂಥವರು ಕುಣಿದಾಡಿಬಿಟ್ಟೆವು.

ಆಮೇಲೆ ಏನಾಯಿತು ಅನ್ನೋದನ್ನ ಮಧ್ಯಾಹ್ನ ಬರೆಯುತ್ತೇನೆ. ಕ್ಲಾಸ್ ಇದೆ.

ತೋಟದಮನೆ | ಮಂಗಳವಾರ, ಬೆಳಿಗ್ಗೆ 11:20

ಮೇಷ್ಟ್ರೇ, ಧಾರಾವಾಹಿ ಥರ ನಿಲ್ಲಿಸಿ ಹೋಗಬೇಡಿ!

ಸ್ಲೈಡ್_ಮೇಷ್ಟ್ರು | ಮಂಗಳವಾರ, ಮಧ್ಯಾಹ್ನ 2:10

ಬಂದೆ ಬಂದೆ.

ಪರೀಕ್ಷೆಯನ್ನೇ ಪರೀಕ್ಷೆ ಮಾಡುವುದು ಹೇಗೆ? ಕ್ಯಾನ್ಸರ್ ಇದೆ ಅಂತ ಮೊದಲೇ ಗೊತ್ತಿರುವ ಮೊಲೆಯನ್ನು ತೊಳೆದು ನೋಡಬೇಕು. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸೀಮಾ ಖಾನ್ ಮತ್ತು ಜೊತೆಯವರು ಅದನ್ನೇ ಮಾಡಿದರು. ಮೊಲೆ ತೆಗೆಸುವ ಆಪರೇಷನ್‌ಗೆ ಬಂದ ಹೆಂಗಸರಿಗೆ, ಆಪರೇಷನ್‌ಗೆ ಮುಂಚೆ ನಾಳ ತೊಳೆದರು. ಫಲಿತಾಂಶ 2004ರಲ್ಲಿ ಬಂತು. ಕ್ಯಾನ್ಸರ್ ಕಣ್ಣೆದುರಿಗೇ ಇತ್ತು. ಆದರೂ ಹೆಚ್ಚಿನವರ ತೊಳೆದ ನೀರಿನಲ್ಲಿ ಕೆಟ್ಟ ಕೋಶವೇ ಸಿಗಲಿಲ್ಲ.

ಯಾಕೆ? ಕ್ಯಾನ್ಸರ್ ಕೂತ ನಾಳ ಎಷ್ಟೋ ಸಲ ಕಟ್ಟಿಕೊಂಡಿರುತ್ತದೆ. ಹನಿ ಕೊಡುವುದು ಪಕ್ಕದ ಆರೋಗ್ಯವಂತ ನಾಳ. ನಾವು ತೊಳೆದದ್ದು ಅದನ್ನ. ಪಕ್ಕದ ಮನೆ ಗುಡಿಸಿ ನಮ್ಮ ಮನೆ ಚೊಕ್ಕಟ ಅಂದ ಹಾಗೆ.

ಕೊನೆಗದ್ದೆ | ಮಂಗಳವಾರ, ಸಂಜೆ 4:45

ನಾನು ಗಂಡಸು, ಇಲ್ಲಿ ಬರೆಯಬಹುದೋ ಇಲ್ಲವೋ. ನನ್ನ ಹೆಂಡತಿಗೂ ಇದೇ ಕಾಯಿಲೆ ಆಗಿತ್ತು, ಈಗ ಆರು ವರ್ಷದಿಂದ ಚೆನ್ನಾಗಿದ್ದಾಳೆ. ಒಂದು ಡೌಟು ಮೇಷ್ಟ್ರೇ. ನಳಿಗೆ ತೂರಿಸಿದ್ದು ಸರಿಯಾದ ನಾಳಕ್ಕೇ ಅಂತಲೇ ಇಟ್ಟುಕೊಳ್ಳೋಣ. ನೀರು ಕೊನೆವರೆಗೂ ಹೋಗುತ್ತಾ?

ನಮ್ಮದು ಭದ್ರಾ ನಾಲೆಯ ಕೊನೆ ಭಾಗದ ಜಮೀನು. ಅದಕ್ಕೇ ಈ ಪ್ರಶ್ನೆ ಬಂತು.

ಸ್ಲೈಡ್_ಮೇಷ್ಟ್ರು | ಮಂಗಳವಾರ, ರಾತ್ರಿ 8:00

ಕೊನೆಗದ್ದೆಯವರೇ, ಬರೆಯಿರಿ ಸ್ವಾಮಿ, ಗಂಡಸರಿಗೂ ಈ ಕಾಯಿಲೆ ಬರುತ್ತದೆ. ನಿಮ್ಮ ಪ್ರಶ್ನೆಯನ್ನ ನಾಳೆ ಕ್ಲಾಸಿನಲ್ಲಿ ಕದ್ದು ಹೇಳುತ್ತೇನೆ.

ನೀವು ಹೇಳಿದ್ದೇ ಅಸಲು ಸಂಗತಿ. ತೊಟ್ಟಿನಲ್ಲಿ ನಾಳ ದಪ್ಪ ಇರುತ್ತದೆ. ಒಳಗೆ ಹೋಗ್ತಾ ಹೋಗ್ತಾ ಕವಲೊಡೆಯುತ್ತದೆ, ಕವಲಿಗೆ ಮತ್ತೆ ಕವಲು. ತುದಿಯಲ್ಲಿ ಹಾಲು ತಯಾರಾಗುವ ಸಣ್ಣ ಗೊಂಚಲುಗಳು. ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಆ ಗೊಂಚಲು ಮತ್ತು ನಾಳ ಸೇರುವ ತುದಿಯಲ್ಲೇ. ಅಂದರೆ ಕೊನೆ ಭಾಗದ ಗದ್ದೆಯಲ್ಲಿ. ತೂಬಿನ ಹತ್ತಿರ ನಿಂತು ನೀರು ಬಿಟ್ಟು, ವಾಪಸ್ ಬಂದ ನೀರು ನೋಡಿ, ಕೊನೆ ಗದ್ದೆಯ ಭತ್ತಕ್ಕೆ ರೋಗ ಬಿದ್ದಿದೆಯಾ ಅಂತ ಹೇಳಿದ ಹಾಗಾಯಿತು.

ಪ್ಯಾಪ್ ಪರೀಕ್ಷೆ ಗೆದ್ದಿದ್ದು ಇಲ್ಲೇ. ಗರ್ಭಕೊರಳಿನಲ್ಲಿ ಕಾಯಿಲೆ ಶುರುವಾಗುವ ಜಾಗ ಕಣ್ಣಿಗೆ ಕಾಣುತ್ತದೆ, ಕಡ್ಡಿಯಲ್ಲಿ ಅದೇ ಜಾಗವನ್ನು ಕೆರೆದು ತೆಗೆಯಬಹುದು. ಕೆಟ್ಟ ಕೋಶ ಸಿಕ್ಕರೆ ಆ ಜಾಗವನ್ನೇ ತೆಗೆದುಹಾಕಬಹುದು. ಮೊಲೆಯಲ್ಲಿ ಕೆಟ್ಟ ಕೋಶ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಯಾವ ಕವಲು? ಗೊತ್ತಿಲ್ಲ. ಮ್ಯಾಮೊಗ್ರಾಂನಲ್ಲೂ ಏನೂ ಕಾಣಲ್ಲ. ಆ ಹೆಂಗಸಿಗೆ ಏನು ಹೇಳುತ್ತೀರಿ? "ಎಲ್ಲೋ ಏನೋ ಇದೆ, ಹೋಗಿ ಬನ್ನಿ" ಅಂತಲೇ?

ಇನ್ನು ಪೋಸ್ಟರಿನ ವಿಷಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆಯನ್ನೇ ಕೊಟ್ಟಿತು. ತೊಟ್ಟಿನ ದ್ರವದ ಪರೀಕ್ಷೆ ಮ್ಯಾಮೊಗ್ರಾಂನ ಬದಲಿಗೆ ಅಲ್ಲ, ಅದೊಂದನ್ನೇ ನಂಬಿ ಕೂರಬೇಡಿ ಅಂತ. ಸುಮ್ನೆ_ಕೇಳ್ದೆಯವರೇ, ಯಾರೂ ಏನೂ ಮುಚ್ಚಿಡಲಿಲ್ಲ. ಐವತ್ತು ವರ್ಷ ಬೇರೆ ಬೇರೆಯವರು ಆಸೆಯಿಂದ ಮಾಡಿ ನೋಡಿದರು. ಪರೀಕ್ಷೆ ಸೋತಿತು, ಅಷ್ಟೇ.

ಬೆಣ್ಣೆನಗರಿ | ಮಂಗಳವಾರ, ರಾತ್ರಿ 9:15

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ತಂಗಿಗೆ ಓದಿ ಹೇಳಿದೆ. "ಹಾಗಾದ್ರೆ ದಾರಿನೇ ಇಲ್ವಾ" ಅಂತ ಅತ್ತಳು. ನಂಗೂ ಹಾಗೇ ಅನ್ನಿಸಿತು.

ಕಡಲಾಚೆ | ಬುಧವಾರ, ಬೆಳಿಗ್ಗೆ 7:50

ನಾನು ಧಾರವಾಡದವಳು, ಈಗ ಬಾಲ್ಟಿಮೋರ್ ಹತ್ತಿರ ಒಂದು ಲ್ಯಾಬ್‌ನಲ್ಲಿ ಕೆಲಸ. ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. "ಸೋತಿತು, ಅಷ್ಟೇ" ಅನ್ನೋದು ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು.

ಈ ದಾರಿಯನ್ನ ಹಟ ಹಿಡಿದು ನಡೆದವರು ಸೂಸನ್ ಲವ್ ಅಂತ ಒಬ್ಬ ಸರ್ಜನ್. ಲಾಸ್ ಏಂಜಲೀಸ್‌ನವರು, 2023ರಲ್ಲಿ ತೀರಿಕೊಂಡರು. 1996ರಲ್ಲೇ ನಾಳದೊಳಗೆ ಸಣ್ಣ ಎಂಡೋಸ್ಕೋಪ್ ತೂರಿಸಿ ನೋಡಿದ್ದನ್ನ ಬರೆದಿದ್ದರು. ಒಂದು ಮಜಾ ಸಂಗತಿ ಹೇಳ್ತೀನಿ. ತೊಟ್ಟಿನಲ್ಲಿ ಎಷ್ಟು ನಾಳದ ಬಾಯಿ ಇದೆ ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ! ಪುಸ್ತಕದಲ್ಲಿ 15ರಿಂದ 20 ಅಂತ ಬರೆದಿರುತ್ತೆ. ಸೂಸನ್ ಲವ್ ಹಾಲೂಡುವ ತಾಯಂದಿರನ್ನೂ ಬೇರೆಯವರನ್ನೂ ನೋಡಿ ಎಣಿಸಿದಾಗ 5ರಿಂದ 9 ಸಿಕ್ಕಿತು. 1840ರಲ್ಲಿ ಇಂಗ್ಲೆಂಡಿನ ಆಸ್ಟ್ಲಿ ಕೂಪರ್ ಸತ್ತವರ ಮೊಲೆಯ ನಾಳಗಳಿಗೆ ಬಣ್ಣದ ಮೇಣ ತುಂಬಿಸಿ ಚಿತ್ರ ಬರೆದಿದ್ದ. ಅದಾದ ಮೇಲೆ ನೂರೈವತ್ತು ವರ್ಷ ಯಾರೂ ಸರಿಯಾಗಿ ತಿರುಗಿ ನೋಡಲಿಲ್ಲ. ಇದೇ ಗಂಡಸರ ಅಂಗವಾಗಿದ್ದರೆ ಎಷ್ಟು ಸಲ ಎಣಿಸಿರೋರು ಅಂತ ನನಗೆ ಆಗಾಗ ಅನ್ನಿಸುತ್ತೆ.

ಇನ್ನೊಂದು. ಇಲ್ಲಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸರಸ್ವತಿ ಸುಕುಮಾರ್ ಅಂತ ನಮ್ಮ ದೇಶದಿಂದ ಬಂದ ವಿಜ್ಞಾನಿ ಇದ್ದಾರೆ. ಅವರ ತಂಡ ಕೋಶದ ಆಕಾರ ನೋಡೋದು ಬಿಟ್ಟು, ತೊಳೆದ ನೀರಿನಲ್ಲಿರುವ ಡಿಎನ್‌ಎ ನೋಡಿತು. ಕ್ಯಾನ್ಸರ್ ಕೋಶದಲ್ಲಿ ಕೆಲವು ಜೀನುಗಳಿಗೆ ಬೀಗ ಬಿದ್ದಿರುತ್ತೆ, ಆ ಬೀಗದ ಗುರುತು ಹುಡುಕೋದು. ಅದರ ಲೇಖನ 2001ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಆಮೇಲೆ ಅವರಿಗೆ ಇನ್ನೂ ದೊಡ್ಡ ಯೋಚನೆ. ನೋಡೋಕೆ ಹೋಗುವ ದಾರಿಯಲ್ಲೇ ಔಷಧಿಯನ್ನೂ ಕಳಿಸಿದರೆ? ಇಡೀ ಮೈಗೆ ಕೀಮೋ ಯಾಕೆ? ನಾಳಕ್ಕೆ ಮಾತ್ರ ಬಿಟ್ಟರೆ ಕೂದಲೂ ಉದುರಲ್ಲ, ಮೊಲೆಯನ್ನೂ ತೆಗೆಯಬೇಕಿಲ್ಲ. 2006ರಲ್ಲಿ ಇಲಿಗಳ ಮೇಲೆ ಮಾಡಿದಾಗ ಗಡ್ಡೆ ಕರಗಿತು, ಹೊಸದು ಬರೋದೂ ತಪ್ಪಿತು. 2011ರ ಹೊತ್ತಿಗೆ ಮೊಲೆ ತೆಗೆಸಲು ಕಾಯುತ್ತಿದ್ದ ಕೆಲವು ಹೆಂಗಸರಿಗೂ ಕೊಟ್ಟು ನೋಡಿದರು. ಔಷಧಿ ಹೋಗುತ್ತೆ, ತಡೆದುಕೊಳ್ಳಬಹುದು ಅಂತ ಗೊತ್ತಾಯಿತು.

ಸುಮ್ನೆ_ಕೇಳ್ದೆ | ಬುಧವಾರ, ಬೆಳಿಗ್ಗೆ 8:30

ನೋಡಿ! ನಾನು ಹೇಳಲಿಲ್ವಾ? ಹಾಗಾದರೆ ಬೆಂಗಳೂರಲ್ಲಿ ಎಲ್ಲಿ ಕೊಡುತ್ತಾರೆ ಹೇಳಿ.

ಕಡಲಾಚೆ | ಬುಧವಾರ, ಬೆಳಿಗ್ಗೆ 9:10

ಎಲ್ಲೂ ಕೊಡಲ್ಲ, ಕೊಡಲೂಬಾರದು. ನಿಧಾನ ಸರ್, ನಾನು ಪೂರ್ತಿ ಹೇಳಿರಲಿಲ್ಲ.

2012ರಲ್ಲಿ ಅದೇ ಹಾಪ್ಕಿನ್ಸ್ ತಂಡದಿಂದ ಇನ್ನೊಂದು ಲೇಖನ ಬಂತು. ನಾಳಕ್ಕೆ ಆ ಕೀಮೋ ಔಷಧಿ ಕೊಟ್ಟ ಇಲಿಗಳನ್ನ ಜಾಸ್ತಿ ದಿನ ಸಾಕಿ ನೋಡಿದರು. ಮೊದಮೊದಲು ಎಲ್ಲ ಚೆನ್ನಾಗಿತ್ತು. ದಿನ ಕಳೆದ ಮೇಲೆ ಆ ಔಷಧಿಯಿಂದಲೇ ಹೊಸ ಕ್ಯಾನ್ಸರ್ ಗಡ್ಡೆ ಬಂದವು. ತಡೆಯೋಕೆ ಅಂತ ಕೊಟ್ಟಿದ್ದೇ ತಂದಿತು. ತಾವೇ ಬೆಳೆಸಿದ ಯೋಚನೆಗೆ ತಾವೇ ಕೊಟ್ಟ ಪೆಟ್ಟು ಅದು. ಬಚ್ಚಿಡದೆ ಪ್ರಕಟಿಸಿದರಲ್ಲ, ಅದಕ್ಕೆ ನನಗೆ ಗೌರವ ಇನ್ನೂ ಜಾಸ್ತಿ ಆಯಿತು.

ಆರೋಗ್ಯವಾಗಿರುವ ಹೆಂಗಸಿಗೆ ತಡೆಗಟ್ಟೋಕೆ ಅಂತ ಕೊಡುವ ಔಷಧಿ ಇಪ್ಪತ್ತು ವರ್ಷ ಆದರೂ ಕೇಡು ಮಾಡಬಾರದು. ಅಂಥ ಔಷಧಿಯ ಹುಡುಕಾಟ ಈಗಲೂ ನಡೀತಿದೆ. ದಾರಿ ಮುಚ್ಚಿಲ್ಲ. ಆದರೆ ಅದು ಲ್ಯಾಬಿನ ದಾರಿ. 9 ಸಾವಿರ ಕೊಟ್ಟು ನಡೆಯುವ ದಾರಿ ಅಲ್ಲ.

ಸ್ಲೈಡ್_ಮೇಷ್ಟ್ರು | ಬುಧವಾರ, ಬೆಳಿಗ್ಗೆ 10:00

ಕಡಲಾಚೆಯವರೇ, ಒಪ್ಪಿದೆ. "ಸೋತಿತು, ಅಷ್ಟೇ" ವಾಪಸ್. 2012ರ ಲೇಖನ ನಾನು ಓದಿರಲಿಲ್ಲ.

ತೋಟದಮನೆ | ಬುಧವಾರ, ಮಧ್ಯಾಹ್ನ 3:30

ನಾಳದೊಳಗೆ ತಂತಿ ಹಾಕಿಸಿಕೊಂಡವಳು ಈ ಗುಂಪಿನಲ್ಲಿ ನಾನೊಬ್ಬಳೇ ಇರಬೇಕು. ಹಾಗಾಗಿ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ, ನನಗಾಗ 44. ಒಂದು ದಿನ ರವಿಕೆಯೊಳಗೆ ಕಾಸಿನಗಲ ಕಂದು ಕಲೆ. ಅಡಿಕೆ ಸುಲಿಯುವ ಕಾಲ, ಅಡಿಕೆ ಚೊಗರು ತಾಗಿರಬೇಕು ಅಂದುಕೊಂಡೆ. ಮರುದಿನವೂ ಅದೇ ಜಾಗ. ಮೂರನೇ ದಿನ ನೋಡಿದರೆ ಎಡಗಡೆ ತೊಟ್ಟಿನಿಂದ ರಕ್ತದ ಹನಿ. ಒತ್ತಿಲ್ಲ, ಏನಿಲ್ಲ, ತಾನಾಗೇ ಬರುತ್ತಿತ್ತು.

ಹತ್ತಿರದ ಪೇಟೆಯ ಒಬ್ಬ ಡಾಕ್ಟರು "ಸೋಂಕು" ಅಂತ ಹತ್ತು ದಿನದ ಮಾತ್ರೆ ಕೊಟ್ಟರು. ಮುಟ್ಟಿಯೂ ನೋಡಲಿಲ್ಲ. ಮಾತ್ರೆ ಮುಗಿಯಿತು, ಹನಿ ನಿಲ್ಲಲಿಲ್ಲ. ಆಮೇಲೆ ಅತ್ತಿಗೆ ಹಟ ಮಾಡಿ ಮಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಸರ್ಜನ್ ಮೇಡಂ ಸುತ್ತಲೂ ಒಂದೊಂದೇ ಕಡೆ ಒತ್ತಿ ನೋಡಿದರು, ಗಡಿಯಾರದ ಮುಳ್ಳು ತಿರುಗಿದ ಹಾಗೆ. ಒಂದೇ ರಂಧ್ರದಿಂದ ಬರುತ್ತಿದೆ ಅಂತ ತೋರಿಸಿದರು. ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಆಯಿತು. ನಾಳದೊಳಗೆ ಸಣ್ಣ ಗಂಟು ಕಂಡಿತು.

ಆಪರೇಷನ್ ದಿನ ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಆಮೇಲೆ ಮೇಡಂ ಚಿತ್ರ ಬರೆದು ಹೇಳಿದರು. ಹನಿ ಬರುವ ರಂಧ್ರದೊಳಗೆ ಮೊಂಡು ತುದಿಯ ಸಣ್ಣ ತಂತಿ ತೂರಿಸಿ, ಅದರ ಜಾಡು ಹಿಡಿದು ಆ ಒಂದು ನಾಳವನ್ನು ಮಾತ್ರ ತೆಗೆದರಂತೆ. ಹೊಲಿಗೆ ಗುರುತು ಈಗ ಹುಡುಕಿದರೂ ಕಾಣಲ್ಲ.

ರಿಪೋರ್ಟ್ ಬರುವವರೆಗಿನ ಒಂಬತ್ತು ದಿನ ಮಾತ್ರ ಯಾರಿಗೂ ಬೇಡ. ಪ್ಯಾಪಿಲೋಮಾ ಅಂತ ಬಂತು. ನಾಳದ ಗೋಡೆಗೆ ನರುಲಿಯ ಹಾಗೆ ಬೆಳೆದದ್ದು, ಕ್ಯಾನ್ಸರ್ ಅಲ್ಲ. ಮನೆಗೆ ಬಂದು ಮೊದಲು ಮಾಡಿದ ಕೆಲಸ, ಒಂದು ಲೋಟ ಕಾಫಿ ಕುಡಿದು ಸೀದಾ ಮಲಗಿದ್ದು.

ಮಂಡ್ಯ_ಸಿಸ್ಟರ್ | ಬುಧವಾರ, ರಾತ್ರಿ 9:40

ತೋಟದಮನೆ ಅಕ್ಕ, ಬರೆದದ್ದು ಒಳ್ಳೆಯದಾಯಿತು. ನಾಳದ ವಿಷಯದಲ್ಲಿ ಹೆಂಗಸರು ನಿಜವಾಗಿ ತಿಳಿದಿರಬೇಕಾದ್ದು ಇದೇ.

ತಾನಾಗೇ ಬರುವುದು, ಒಂದೇ ಕಡೆಯಿಂದ, ಒಂದೇ ರಂಧ್ರದಿಂದ, ರಕ್ತ ಅಥವಾ ನೀರಿನ ಹಾಗೆ ತಿಳಿಯಾಗಿ ಬರುವುದು. ಇಷ್ಟು ಕಂಡರೆ ಕಾಯಬೇಡಿ. ಹೆಚ್ಚಿನ ಸಲ ಅದು ಅಕ್ಕನಿಗೆ ಆದ ಹಾಗೆ ಪ್ಯಾಪಿಲೋಮಾನೇ ಆಗಿರುತ್ತೆ. ಆದರೆ ಕೆಲವು ಸಲ ಕ್ಯಾನ್ಸರ್ ಇರುತ್ತೆ, ಹೊರಗಿನಿಂದ ನೋಡಿ ಹೇಳೋಕೆ ಆಗಲ್ಲ. ಬಂದ ಹನಿಯನ್ನ ಸ್ಲೈಡಿಗೆ ಹಾಕಿ "ಏನಿಲ್ಲ" ಅಂದರೂ ಅಲ್ಲಿಗೆ ಬಿಡಬಾರದು. ಎರಡೂ ಕಡೆಯಿಂದ, ಒತ್ತಿದಾಗ ಮಾತ್ರ, ಹಾಲಿನ ಬಣ್ಣ ಅಥವಾ ಹಸಿರು ಬಣ್ಣದ್ದು ಬಂದರೆ ಸಾಮಾನ್ಯವಾಗಿ ಭಯ ಇಲ್ಲ. ಥೈರಾಯ್ಡ್ ತೊಂದರೆ, ಕೆಲವು ಮಾತ್ರೆ, ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಜಾಸ್ತಿ ಆದಾಗ ಹಾಲಿನಂಥದ್ದು ಬರುತ್ತೆ. ಅದನ್ನೂ ಒಮ್ಮೆ ತೋರಿಸಿ. ಮತ್ತೆ, ದಿನಾ ಒತ್ತಿ ಒತ್ತಿ ನೋಡಬೇಡಿ! ಒತ್ತಿದಷ್ಟೂ ಬರುತ್ತೆ.

ಬೆಣ್ಣೆನಗರಿ ಮೇಡಂ, ನಿಮ್ಮ ತಂಗಿ "ದಾರಿನೇ ಇಲ್ವಾ" ಅಂದರಲ್ಲ. ಇದೆ. ಪೋಸ್ಟರಿನಷ್ಟು ಹೊಳಪಿಲ್ಲ, ಅಷ್ಟೇ.

ಮುಂಬೈಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಒಂದು ಕೆಲಸ ಶುರು ಮಾಡಿದರು. ಅಲ್ಲಿನ ಒಂದೂವರೆ ಲಕ್ಷ ಹೆಂಗಸರು. ಅರ್ಧದಷ್ಟು ಜನರಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. ಮಷಿನ್ ಇಲ್ಲ, ಪಂಪು ಇಲ್ಲ, ಡಾಕ್ಟರೂ ಅಲ್ಲ. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಬಂತು. ಕಾಯಿಲೆ ಇನ್ನೂ ಚಿಕ್ಕ ಹಂತದಲ್ಲಿರುವಾಗಲೇ ಸಿಕ್ಕಿತು. 50 ದಾಟಿದವರಲ್ಲಿ ಸಾವು ಸುಮಾರು 30 ಪರ್ಸೆಂಟ್ ಕಡಿಮೆ. 50ರ ಕೆಳಗಿನವರಲ್ಲಿ ಸಾವು ಕಡಿಮೆ ಆಗಿದ್ದು ಕಾಣಲಿಲ್ಲ, ಅದನ್ನೂ ಹೇಳಬೇಕು. ನಮ್ಮ ಆರೋಗ್ಯ ಉಪಕೇಂದ್ರಗಳಲ್ಲೂ 30 ದಾಟಿದವರಿಗೆ ಈ ಪರೀಕ್ಷೆ ಇದೆ. ನಮ್ಮ ಕಡೆ ಕರೆದರೆ "ನಂಗೇನಾಗಿದೆ" ಅಂತ ಸೆರಗು ಹೊದ್ದುಕೊಂಡು ಹೋಗ್ತಾರೆ. ಅದೇ ಹೆಂಗಸರು 9 ಸಾವಿರ ಕೊಟ್ಟು ಪಂಪು ಹಾಕಿಸಿಕೊಳ್ತಾರೆ!

ಆದರೆ ನೀವು ಸಾಮಾನ್ಯ ಲೆಕ್ಕಕ್ಕೆ ಬರಲ್ಲ. ಅಮ್ಮನಿಗೆ 47ಕ್ಕೆ ಬಂದಿದೆ. ಅದಕ್ಕಿಂತ ಹತ್ತು ವರ್ಷ ಮೊದಲೇ ನಿಮ್ಮ ತಪಾಸಣೆ ಶುರುವಾಗಬೇಕು ಅಂತ ಡಾಕ್ಟರುಗಳು ಹೇಳೋದು. ಅಂದರೆ 37. ನಿಮಗೆ ಆಗಲೇ 38. ಈ ವಯಸ್ಸಿನಲ್ಲಿ ಮೊಲೆ ಗಟ್ಟಿಯಾಗಿರುತ್ತೆ, ಮ್ಯಾಮೊಗ್ರಾಂನಲ್ಲಿ ಎಲ್ಲ ಬೆಳ್ಳಗೆ ಕಾಣುತ್ತೆ, ಗಂಟೂ ಬೆಳ್ಳಗೇ. ಅದಕ್ಕೆ ಜೊತೆಗೆ ಅಲ್ಟ್ರಾಸೌಂಡ್ ಮಾಡ್ತಾರೆ.

ಒಂದು ಪ್ರಶ್ನೆ. ಅಮ್ಮನ ಕಡೆ ಬೇರೆ ಯಾರಿಗಾದರೂ? ಅಂಡಾಶಯದ ಕ್ಯಾನ್ಸರ್ ಯಾರಿಗಾದರೂ ಇತ್ತಾ?

ಬೆಣ್ಣೆನಗರಿ | ಬುಧವಾರ, ರಾತ್ರಿ 10:30

ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, "ಹೊಟ್ಟೆ ಗಡ್ಡೆ" ಅಂತ ತೀರಿಕೊಂಡರು. ಆಗ ಅವರಿಗೆ 50 ಇರಬಹುದು. ಹೊಟ್ಟೆಯಲ್ಲಿ ನೀರು ತುಂಬಿತ್ತು ಅನ್ನೋದು ನೆನಪಿದೆ. ಯಾವ ಗಡ್ಡೆ ಅಂತ ಯಾರೂ ಹೇಳಲಿಲ್ಲ. ಹೆಂಗಸರ ಕಾಯಿಲೆ ಅಲ್ವಾ, ಮಕ್ಕಳೆದುರಿಗೆ ಮಾತಾಡುತ್ತಿರಲಿಲ್ಲ.

ಸ್ಲೈಡ್_ಮೇಷ್ಟ್ರು | ಬುಧವಾರ, ರಾತ್ರಿ 10:50

ಆ ರಿಪೋರ್ಟ್ ಹುಡುಕಿ ತಂಗೀ. ಪೋಸ್ಟರ್ ಮರೆತುಬಿಡಿ, ಇದನ್ನ ಹುಡುಕಿ. ಅಮ್ಮನಿಗೆ ಸ್ತನದ ಕ್ಯಾನ್ಸರ್, ಅವರ ಅಕ್ಕನಿಗೆ ಅಂಡಾಶಯದ್ದು ಅಂತಾದರೆ ಬಿಆರ್‌ಸಿಎ ಜೀನಿನ ವಿಷಯ ಯೋಚಿಸಬೇಕಾಗುತ್ತದೆ. ಅದು ಕೆಟ್ಟಿದ್ದರೆ ಈ ಎರಡೂ ಕ್ಯಾನ್ಸರಿನ ಅಪಾಯ ಮನೆತನದಲ್ಲಿ ಹರಿದು ಬರುತ್ತದೆ. ರಕ್ತ ಪರೀಕ್ಷೆ ಅದು. ಆ ಜೀನ್ ಕೆಟ್ಟಿದ್ದರೆ ಎಂಆರ್‌ಐ, ಮಾತ್ರೆ, ಆಪರೇಷನ್ ಅಂತ ಬೇರೆಯದೇ ಮಾತುಕತೆ. ಇಲ್ಲದಿದ್ದರೆ ಮನಸ್ಸಿಗೆ ಒಂದಿಷ್ಟು ಹಗುರ. ಸುಮ್ನೆ ಲ್ಯಾಬಿಗೆ ಹೋಗಿ ರಕ್ತ ಕೊಡಬೇಡಿ. ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಇರುವ ಕಡೆ ಹೋಗಿ. ಯಾರಿಗೆ ಪರೀಕ್ಷೆ, ಬಂದ ಉತ್ತರಕ್ಕೆ ಏನರ್ಥ ಅಂತ ಅವರು ಕೂತು ಹೇಳುತ್ತಾರೆ.

ಕೊನೆಗದ್ದೆ | ಗುರುವಾರ, ಬೆಳಿಗ್ಗೆ 6:40

ನನ್ನ ಹೆಂಡತಿ ಕೇಳಲು ಹೇಳಿದಳು. ಅವಳಿಗೆ ಕಾಯಿಲೆ ಗೊತ್ತಾದಾಗ ಚಿಕ್ಕ ಮಗಳಿಗೆ ಹಾಲು ಬಿಡಿಸಿ ನಾಲ್ಕು ತಿಂಗಳಾಗಿತ್ತು. ಹಾಲಿನ ಜೊತೆ ಕಾಯಿಲೆಯನ್ನೂ ಕುಡಿಸಿಬಿಟ್ಟೆನಾ ಅಂತ ಈಗಲೂ ಕೊರಗುತ್ತಾಳೆ. ಮಗಳು ಈಗ ಒಂದನೇ ಕ್ಲಾಸು.

ಕಡಲಾಚೆ | ಗುರುವಾರ, ಬೆಳಿಗ್ಗೆ 8:15

ಅಣ್ಣ, ಇಲ್ಲ. ಎದೆಹಾಲು ಕುಡಿದು ಮಗುವಿಗೆ ಕ್ಯಾನ್ಸರ್ ಬರಲ್ಲ. ಅತ್ತಿಗೆಗೆ ಇವತ್ತೇ ಹೇಳಿ.

ನೀವು ಕೇಳಿದ ಇದೇ ಪ್ರಶ್ನೆಯಿಂದ ಒಂದು ಸಂಶೋಧನೆ ಹುಟ್ಟಿದೆ ಗೊತ್ತಾ? ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಒಬ್ಬ ತಾಯಿಗೆ ಬಸುರಿಯಾಗಿದ್ದಾಗ ಸ್ತನದ ಕ್ಯಾನ್ಸರ್ ಗೊತ್ತಾಯಿತು. ಹಿಂದಿನ ಮಗುವಿಗೆ ಹಾಲಿನಲ್ಲಿ ಕಾಯಿಲೆ ಕೊಟ್ಟೆನಾ ಅಂತ ಅವರಿಗೂ ಕೊರಗು. ಫ್ರೀಜರ್‌ನಲ್ಲಿ ಉಳಿದಿದ್ದ ತಮ್ಮ ಹಳೆಯ ಎದೆಹಾಲನ್ನ ತಂದು ವಾಲ್ ಡಿ'ಹೆಬ್ರಾನ್ ಸಂಸ್ಥೆಯ ಡಾಕ್ಟರುಗಳ ಕೈಗೆ ಕೊಟ್ಟರು. ಪರೀಕ್ಷೆ ಮಾಡಿದರೆ, ಗಡ್ಡೆಯಲ್ಲಿದ್ದ ಡಿಎನ್‌ಎ ಬದಲಾವಣೆಯೇ ಹಾಲಿನಲ್ಲೂ ಇತ್ತು. ಕಾಯಿಲೆ ಗೊತ್ತಾಗುವುದಕ್ಕೆ ಎಷ್ಟೋ ಮೊದಲು ತೆಗೆದಿಟ್ಟಿದ್ದ ಹಾಲು ಅದು!

ಆಮೇಲೆ ಅವರು ಕ್ಯಾನ್ಸರ್ ಇದ್ದ 15 ತಾಯಂದಿರ ಹಾಲು ನೋಡಿದರು. 13 ಜನರ ಹಾಲಿನಲ್ಲಿ ಗಡ್ಡೆಯ ಡಿಎನ್‌ಎ ಗುರುತು ಸಿಕ್ಕಿತು. 2023ರಲ್ಲಿ ಪ್ರಕಟ ಆಯಿತು. ಇಲ್ಲಿ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಆರ್ಕಾರೋ ಕೂಡ ಎಷ್ಟೋ ವರ್ಷದಿಂದ ಎದೆಹಾಲಿನ ಕೋಶಗಳನ್ನ ಓದುತ್ತಿದ್ದಾರೆ. ಮೇಷ್ಟ್ರು ಹೇಳಿದ ಕೊನೆ ಗದ್ದೆಯ ಸಮಸ್ಯೆ ಇಲ್ಲಿ ಇಲ್ಲ ನೋಡಿ. ತೂಬಿನಿಂದ ನಾವು ನೀರು ಬಿಡೋದಲ್ಲ, ಕೊನೆ ಗದ್ದೆಯಿಂದಲೇ ನೀರು ಹರಿದು ಬರುತ್ತೆ.

15 ಅನ್ನೋದು ಸಣ್ಣ ಲೆಕ್ಕ. ಇನ್ನೂ ಆಸ್ಪತ್ರೆ ಪರೀಕ್ಷೆ ಅಲ್ಲ. ಸುಮ್ನೆ_ಕೇಳ್ದೆ ಸರ್, ಬೆಂಗಳೂರಲ್ಲಿ ಎಲ್ಲಿ ಅಂತ ಕೇಳಬೇಡಿ.

ಸುಮ್ನೆ_ಕೇಳ್ದೆ | ಗುರುವಾರ, ಬೆಳಿಗ್ಗೆ 8:40

ಕೇಳಲ್ಲ ಬಿಡಿ ಮೇಡಂ. ನನ್ನ ಹೆಂಡತಿಗೆ 52. ಈ ಭಾನುವಾರ ಉಪಕೇಂದ್ರದ ಸಿಸ್ಟರ್ ನಂಬರ್ ಹುಡುಕಬೇಕು.

ಕೊನೆಗದ್ದೆ | ಗುರುವಾರ, ರಾತ್ರಿ 8:20

ಹೇಳಿದೆ. ಏನೂ ಮಾತಾಡಲಿಲ್ಲ. ಮಗಳನ್ನ ಪಕ್ಕಕ್ಕೆ ಕರೆದು ಜಡೆ ಹಾಕಿದಳು, ಮಲಗುವ ಹೊತ್ತಿಗೆ ಯಾಕಮ್ಮ ಜಡೆ ಅಂತ ಅವಳು ಕೇಳುತ್ತಿದ್ದರೂ.

ನಿರ್ವಾಹಕ | ಗುರುವಾರ, ರಾತ್ರಿ 9:00

ಇಬ್ಬರು ಸದಸ್ಯರು ಆ ಪೋಸ್ಟರನ್ನು ಇಲ್ಲಿ ಹಾಕಿದ್ದರು, ತೆಗೆದಿದ್ದೇನೆ. ಬೈಯಲು ಹಾಕಿದ್ದರೂ ಜಾಹೀರಾತು ಜಾಹೀರಾತೇ. ಅದರಲ್ಲಿ ಫೋನ್ ನಂಬರ್ ಇತ್ತು.

ಬೆಣ್ಣೆನಗರಿ | ಎರಡು ವಾರದ ನಂತರ, ಭಾನುವಾರ ಸಂಜೆ 6:30

ಎಲ್ಲರಿಗೂ ಒಂದು ಅಪ್‌ಡೇಟ್.

ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಎರಡೂ ಆಯಿತು. ಮ್ಯಾಮೊಗ್ರಾಂ ನೋವು ಅಂತ ಹೆದರಿಸಿದ್ದರು. ಒತ್ತಿದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕ ಹಾಗಾಯಿತು. ಒಂದು ಉಸಿರು ಬಿಗಿ ಹಿಡಿಯುವಷ್ಟು ಹೊತ್ತು ಅಷ್ಟೇ. ನನ್ನದರಲ್ಲಿ ನೀರುಗುಳ್ಳೆ ಎರಡು ಇವೆ, ಭಯ ಇಲ್ಲ ಅಂದರು.

ದೊಡ್ಡಮ್ಮನ ಮಗ, ನಮ್ಮ ಅಣ್ಣ, ಮೊದಲು "ಈಗ ಯಾಕೆ ಅದೆಲ್ಲ" ಅಂದ. ತಂಗಿ ಹೋಗಿ ಅವನ ಮನೆ ಅಟ್ಟ ಹತ್ತಿದಳು. ದೀಪಾವಳಿಯ ಹಣತೆ ಡಬ್ಬದ ಕೆಳಗೆ, ಜವಳಿ ಅಂಗಡಿಯ ಕವರಿನಲ್ಲಿ ಎಲ್ಲ ಕಾಗದ ಇತ್ತು. ದೊಡ್ಡಮ್ಮ ತಾವೇ ಮಡಚಿ ಇಟ್ಟಿದ್ದಂತೆ. ಬಯಾಪ್ಸಿ ರಿಪೋರ್ಟಿನ ಕೆಳಗೆ ಮಾಸಿದ ಅಕ್ಷರದಲ್ಲಿ "ಓವರಿ" ಅಂತಲೇ ಇದೆ.

ಶುಕ್ರವಾರ ಬೆಂಗಳೂರಿನಲ್ಲಿ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೆಸರು ಬರೆಸಿದ್ದೇವೆ. ನಾನು, ತಂಗಿ ಇಬ್ಬರೂ ಹೊರಟಿದ್ದೇವೆ. ರಾತ್ರಿ ಅಣ್ಣ ಫೋನ್ ಮಾಡಿ ಕೇಳಿದ, "ಗಂಡಸರಿಗೂ ಆ ಜೀನ್ ಬರುತ್ತಾ? ನಂಗೆ ಇಬ್ಬರು ಹೆಣ್ಣುಮಕ್ಕಳು."

ಮಂಡ್ಯ_ಸಿಸ್ಟರ್ | ಭಾನುವಾರ, ಸಂಜೆ 7:05

ಬರುತ್ತೆ ಮೇಡಂ, ಗಂಡಸರಿಂದ ಮಕ್ಕಳಿಗೂ ಹೋಗುತ್ತೆ. ಅಣ್ಣನನ್ನೂ ಕರೆದುಕೊಂಡು ಹೋಗಿ. ಮತ್ತೆ ಆ ರಿಪೋರ್ಟ್ ಒರಿಜಿನಲ್ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಮಾಡಿಸಿ ಕೊಡಿ. ಮಾಸಿದೆ ಅಂದರಲ್ಲ, ಹೊರಡುವ ಮೊದಲು ಫೋನಿನಲ್ಲಿ ಒಂದು ಫೋಟೋನೂ ತೆಗೆದಿಟ್ಟುಕೊಳ್ಳಿ.